ಅಕ್ಕ ತೆರೆದಿಟ್ಟ ಕಂಪ್ಯೂಟರ್

ಆಸ್ಪತ್ರೆಯ ವರದಿ ವಿಭಾಗ,
ಸೋಮವಾರ, ಹನ್ನೆರಡನೇ ತಾರೀಖು, ಊಟದ ಹೊತ್ತು

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಅಮ್ಮನ ಕೆಮ್ಮು ಇಳಿಯಿತೇ? ಫೋನ್ ಎತ್ತುವುದಿಲ್ಲವೆಂದು ಹಠ ಹಿಡಿದು ಕೂತಿದ್ದೀಯ, ಅದಕ್ಕೇ ಈ ಕಾಗದ. ಓದದೆ ಹರಿದು ಹಾಕಿದೆಯೋ, ಅಮ್ಮನ ಹೆಸರಿಗೇ ಇನ್ನೊಂದು ಬರೆಯುತ್ತೇನೆ, ನೋಡು! ನೀನು ಅಮ್ಮನ ಮನೆಗೆ ಹೋಗಿ ತಿಂಗಳಾಯಿತು. ಆ ಟೀಚರಮ್ಮನ ವರದಿ ಅವರ ಮನೆಯ ಬದಲು ಶಾಲೆಯ ಕಚೇರಿಗೆ ಹೋಗಿ, ಅವರ ಕಾಯಿಲೆ ಊರಿಗೆಲ್ಲ ಗೊತ್ತಾಗಿ, ಕಳಿಸಿದವರು ಯಾರೆಂದು ಹುಡುಕಿದಾಗ ಕಂಪ್ಯೂಟರಿನಲ್ಲಿ ನಿನ್ನ ಹೆಸರು ಕಂಡಿತಲ್ಲ, ಒಂದಿಷ್ಟೂ ವಾದ ಮಾಡದೆ "ನನ್ನ ಕೈಯಿಂದ್ಲೇ ಆಗಿರ್ಬೇಕು ಬಿಡಿ, ವಯಸ್ಸಾಯ್ತು" ಅಂದುಬಿಟ್ಟೆ. ರಾಜೀನಾಮೆಯನ್ನೂ ಕೊಟ್ಟು ಹೋದೆ. ಅದರ ತೀರ್ಮಾನ ಈ ಶುಕ್ರವಾರ ಎಂದು ಮೇಲಿನವರು ಹೇಳಿದ್ದರು.

ನೀನು ಹೋದ ವಾರವೇ ಮಾಹಿತಿ ಭದ್ರತೆ ನೋಡಿಕೊಳ್ಳಲು ಒಬ್ಬರು ಬಂದರು. ನಾವಿಟ್ಟ ಹೆಸರು ಚಿಲಕದ ಮೇಡಂ. ಬಂದವರೇ ಬೈಯುತ್ತಾರೆ ಅಂದುಕೊಂಡಿದ್ದೆವು. ಊಹೂಂ, ಎರಡು ದಿನ ಸ್ಟೂಲ್ ಹಾಕಿಕೊಂಡು ನಮ್ಮ ಪಕ್ಕ ಕೂತು ಸುಮ್ಮನೆ ನೋಡಿದರು. ಒಬ್ಬೊಬ್ಬರೂ ಅವರವರ ಹೆಸರಲ್ಲಿ ಕಂಪ್ಯೂಟರ್ ತೆರೆಯಲು ಐದೈದು ನಿಮಿಷ ಹಿಡಿಯುವುದು, ಕಿಟಕಿಯಾಚೆ ಜನ ಗೊಣಗುವುದು, ಎಲ್ಲ ಕಂಡರು. ಅದಕ್ಕೇ ತಾನೇ ನೀನು ಬೆಳಗ್ಗೆ ಏಳಕ್ಕೇ ಬಂದು ನಿನ್ನ ಹೆಸರಲ್ಲಿ ತೆರೆದಿಟ್ಟು, "ಬನ್ರೇ, ತೆಗೆದಿಟ್ಟಿದ್ದೀನಿ, ಕೆಲಸ ಮಾಡ್ಕೊಳ್ಳಿ" ಎಂದು ಎಲ್ಲರನ್ನೂ ಕರೆಯುತ್ತಿದ್ದದ್ದು! ನಿನ್ನ ಪಾಸ್‌ವರ್ಡ್ ನಮ್ಮ ಬೆಕ್ಕಿನ ಹೆಸರೆಂದು ಚಹಾ ತರುವವನಿಗೂ ಗೊತ್ತಿತ್ತು ಅಂದರೆ ಮೇಡಂ ನಕ್ಕೇಬಿಟ್ಟರು. ಆಮೇಲೆ, "ಇದು ನಿಮ್ಮಕ್ಕನ ತಪ್ಪಲ್ಲಮ್ಮಾ, ಇಷ್ಟು ನಿಧಾನದ ಯಂತ್ರ ಕೊಟ್ಟವರದ್ದು" ಎಂದರು. ನನಗೆ ಅರ್ಧ ಸಮಾಧಾನವಾಯಿತು.

ಈಗ ಎಲ್ಲರಿಗೂ ಒಂದೊಂದು ಕಾರ್ಡ್. ಕಂಪ್ಯೂಟರಿಗೆ ತಾಗಿಸಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ, ಎತ್ತಿಕೊಂಡರೆ ಮುಚ್ಚುತ್ತದೆ. ವರದಿ ಕಳಿಸುವ ಮುನ್ನ ವಿಳಾಸ ಸರಿಯೇ ಎಂದು ಮತ್ತೊಮ್ಮೆ ಕೇಳುತ್ತದೆ. ದೊಡ್ಡ ಡಾಕ್ಟರು ಮರೆತು ಎದ್ದರೆ ಆಯಾ "ಸಾರ್, ಕಾರ್ಡು!" ಎಂದು ಗದರುತ್ತಾಳೆ, ಅವರು ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಬರುತ್ತಾರೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಪ್ರತಿ ಸೋಮವಾರ ಹತ್ತು ನಿಮಿಷ ನಿಂತುಕೊಂಡೇ ಸಭೆ, ಅವರವರಿಂದಾದ ತಪ್ಪನ್ನು ಅವರವರೇ ಹೇಳಬೇಕು. ಮೊದಲು ಮೇಡಮ್ಮೇ ಹೇಳಿದರು, ಹಿಂದೊಮ್ಮೆ ಇಡೀ ಫೈಲನ್ನೇ ಬಸ್ಸಿನಲ್ಲಿ ಬಿಟ್ಟಿದ್ದರಂತೆ. "ಹೇಳಿದೋರ ಮೇಲೆ ನಂಗೆ ಕೋಪ ಇಲ್ಲ. ಹೇಳ್ದೇ ಇದ್ರೆ ಸರಿಮಾಡೋದು ಹೇಗೆ?" ಅಂದರು. ಎರಡು ಸೋಮವಾರ ನನ್ನ ಸರದಿ ಬಂದಾಗ, ಏನೂ ಇಲ್ಲ ಎಂದು ತಲೆ ತಗ್ಗಿಸಿದೆ.

ನೀನಿಲ್ಲದೆ ಕೋಣೆ ಬಿಕೋ ಅನ್ನುತ್ತಿದೆ ಅಕ್ಕಾ. ಮೆಟ್ಟಿಲು ಹತ್ತಿಳಿದು ಮಂಡಿ ಕೆಡಿಸಿಕೊಳ್ಳಬೇಡ. ಅಮ್ಮನಿಗೆ ನಮಸ್ಕಾರ, ನಿನಗೊಂದು ಗಟ್ಟಿ ಅಪ್ಪುಗೆ.

ಸದಾ ನಿನ್ನ ಹಿಂದೆ ಸುತ್ತುವ ಬಾಲ,
ತಂಗಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಅವತ್ತು ಆ ವರದಿ ಹೋದ ಹೊತ್ತಿಗೆ ನೀನು ಮಂಡಿ ತೋರಿಸಲು ಕೆಳಗೆ ಹೋಗಿದ್ದೆ. ನಿನ್ನ ಕುರ್ಚಿಯಲ್ಲಿ ಕೂತು ಕಳಿಸಿದವಳು ನಾನು. ನಿನಗೇ ನಿನ್ನ ಮೇಲೆ ಅನುಮಾನ ಬಂದಾಗಲೂ ಬಾಯಿ ಹೊಲಿದುಕೊಂಡಿದ್ದೆನಲ್ಲ, ಅದಕ್ಕೆ ನನ್ನನ್ನು ಎಷ್ಟು ಬೇಕಾದರೂ ಬೈ. ಇವತ್ತಿನ ಸಭೆಯಲ್ಲಿ ಎಲ್ಲರೆದುರು ಹೇಳಿಬಿಟ್ಟೆ. ಸಂಜೆ ಮೇಡಂ ಜೊತೆ ಟೀಚರಮ್ಮನ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ. ನಿನ್ನ ರಾಜೀನಾಮೆಯನ್ನು ಮೇಡಂ ವಾಪಸ್ ತಂದುಕೊಟ್ಟರು, ಇದೇ ಲಕೋಟೆಯಲ್ಲಿದೆ. ಹರಿಯುವುದಿದ್ದರೆ ಅದನ್ನು ಹರಿ. ನಿನ್ನ ಹೊಸ ಕಾರ್ಡ್ ನಿನ್ನ ಡ್ರಾಯರಿನಲ್ಲಿದೆ. ಯಾರೂ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ.