ಉತ್ತರ ಬಾರದ ಚೀಟಿ

ಮಾರ್ಚ್ 4, ಸೋಮವಾರ
ಕಚೇರಿಯ ನನ್ನ ಮೇಜಿಗೆ ಮತ್ತೆ ಪಾರ್ಕಿಂಗ್ ದಂಡದ ಕಾಗದ. ಈ ಸಲ ಏಳನೇ ನಂಬರ್ ವ್ಯಾನು, ಕಾರ್ಪೆಟ್ ಹಾಸುವ ನಾರ್ಮನ್‌ನದು. ಹ್ಯಾನ್ಲಿ ಪೇಟೆಯ ಖಾಸಗಿ ಪಾರ್ಕಿಂಗ್ ಜಾಗದಲ್ಲಿ ಬುಧವಾರ ಸಂಜೆ ಎರಡು ಗಂಟೆ ನಿಲ್ಲಿಸಿದ್ದಾನೆ. ದಂಡ ಹಾಕಿದವರಿಗೆ ಅವನ ಹೆಸರು, ವಿಳಾಸ ಕೊಟ್ಟರೆ ದಂಡ ಅವನ ತಲೆಗೆ. ಇಲ್ಲದಿದ್ದರೆ ಕಂಪನಿಯ ತಲೆಗೆ. ಎಂದಿನಂತೆ ಅವನ ಟಪಾಲು ಗೂಡಿನಲ್ಲಿ ಚೀಟಿ ಇಟ್ಟೆ — ತಕರಾರಿದ್ದರೆ ಶುಕ್ರವಾರದೊಳಗೆ ತಿಳಿಸಿ.

ಮಾರ್ಚ್ 8
ಉತ್ತರವಿಲ್ಲ. ಅವನು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡಿದ್ದನ್ನು ಕಣ್ಣಾರೆ ಕಂಡೆ. ಒಂದು ಮಾತು ಹೇಳಲು ಏನು ರೋಗ? ಹೆಸರು, ವಿಳಾಸ ಕಳಿಸಿಬಿಟ್ಟೆ.

ಮಾರ್ಚ್ 19
ನಾರ್ಮನ್‌ನ ಹೆಂಡತಿ ಬೆರಿಲ್ ಕಚೇರಿಗೆ ಬಂದಳು. ಕೈಯಲ್ಲಿ ದಂಡದ ಕಾಗದ.
"ಬುಧವಾರ ಓವರ್‌ಟೈಮ್ ಅಂತಿದ್ರು. ಅಲ್ಲಿ ಯಾರಿದಾಳೆ, ಹೇಳಮ್ಮ."
ಬುಧವಾರ ಓವರ್‌ಟೈಮೇ ಇಲ್ಲ. ಹೇಳಬೇಕಾಯಿತು. ಚಹಾ ಕೊಟ್ಟರೂ ಮುಟ್ಟದೆ ಹೋದಳು.

ಮಾರ್ಚ್ 20, ಮಧ್ಯಾಹ್ನ
ನಾರ್ಮನ್ ಬಾಗಿಲು ಮುಚ್ಚಿ ನಿಂತ.
"ಬೆರಿಲ್ ಅವಳ ತಂಗಿ ಮನೆಗೆ ಹೋಗ್ಬಿಟ್ಲು, ಹಿಲರಿ. ವಿಳಾಸ ಕೊಡೋ ಮುಂಚೆ ಒಂದ್ಮಾತು ಕೇಳ್ಬೋದಿತ್ತಲ್ಲ?"
"ಕೇಳಿದ್ನಲ್ಲಪ್ಪ. ಚೀಟಿ ಇಟ್ಟಿದ್ದೆ."
"ಅದನ್ನ ಓದೋಕೆ ಬಂದಿದ್ರೆ ಬುಧವಾರ ಅಲ್ಲಿಗ್ಯಾಕೆ ಹೋಗ್ತಿದ್ದೆ?"
ಅಲ್ಲಿ ದೊಡ್ಡವರಿಗೆ ಓದು ಬರಹ ಕಲಿಸುತ್ತಾರಂತೆ. ಐವತ್ತಾರನೇ ವಯಸ್ಸಿನಲ್ಲಿ, ಹೆಂಡತಿಗೆ ತಾನೇ ಹುಟ್ಟುಹಬ್ಬದ ಕಾರ್ಡ್ ಬರೆಯಬೇಕೆಂದು, ಗುಟ್ಟಾಗಿ. ಮನೆಗೆ ಬಂದ ಕಾಗದವನ್ನೆಲ್ಲ ಬೆರಿಲ್ ಓದುವುದು ರೂಢಿ. ದಂಡದ್ದನ್ನೂ ಹಾಗೇ ಅವಳ ಕೈಗೆ ಕೊಟ್ಟಿದ್ದಾನೆ. ಇಲ್ಲಿ ಕೆಲಸದ ಹಾಳೆಯನ್ನು ಯಾವಾಗಲೂ ಜೊತೆಗಾರನೇ ಓದುತ್ತಿದ್ದ... ಇಷ್ಟು ವರ್ಷ ಗಮನಿಸಿರಲಿಲ್ಲ. ನಾಚಿಕೆಯಾಯಿತು.

ಮಾರ್ಚ್ 22
ಬೆರಿಲ್ ಬಂದು ಹೋದದ್ದೇಕೆ ಎಂದು ಮ್ಯಾನೇಜರ್ ಕ್ಲೈವ್ ವಿಚಾರಿಸಿದರು. ನನ್ನ ತಪ್ಪಿಲ್ಲವೆಂದು ತೋರಿಸಿಕೊಳ್ಳಲು ಎಲ್ಲ ಹೇಳಿಬಿಟ್ಟೆ. ಓದು ಬಾರದ್ದನ್ನೂ. ಅದನ್ನು ಹೇಳುವ ಅಗತ್ಯವೇನಿತ್ತು?

ಮಾರ್ಚ್ 27
ಗೋದಾಮಿನವರು ಏಳನೇ ವ್ಯಾನಿನ ಗಾಜಿಗೆ ಮಕ್ಕಳ ಅಕ್ಷರಮಾಲೆ ಅಂಟಿಸಿದ್ದರು.
"ಹೋಂವರ್ಕ್ ಆಯ್ತೇನೋ, ನಾರ್ಮನ್?"
ಅವನು ಹಾಳೆ ಕಿತ್ತು, ಮಡಚಿ, ಕೆಲಸಕ್ಕೆ ಹೋದ. ಕ್ಲೈವ್ ಕಿಟಕಿಯಿಂದ ನೋಡಿ ನಗುತ್ತಿದ್ದರು. ನಾನು ನನ್ನ ಕಡತಗಳತ್ತ ತಿರುಗಿದೆ.

ಏಪ್ರಿಲ್ 8
ಬೆಳಿಗ್ಗೆ ನಾರ್ಮನ್ ಮೇಜಿನ ಮೇಲೆ ಕಾಗದವಿಟ್ಟ. ಗೆರೆ ಹಾಕಿದ ಹಾಳೆ, ದೊಡ್ಡ ದೊಡ್ಡ ಅಕ್ಷರ. ಬೆರಿಲ್ ಬಂದಳೇ ಎಂದೆ. ಬಂದಿದ್ದಾಳಂತೆ. ಮಾತು ಕಡಿಮೆಯಂತೆ.
"ನಾನೇ ಬರ್ದಿದ್ದು. ಅವಳ ಕೈಲೂ ತಿದ್ದಿಸಿಲ್ಲ. ಗಟ್ಟಿಯಾಗಿ ಓದಿ, ತಪ್ಪಿದ್ರೆ ಹೇಳಿ."
ಓದಿದೆ. 'ಈ ಶುಕ್ರವಾರದಿಂದ ನಾನು ಕೆಲಸ ಬಿಡುತ್ತಿದ್ದೇನೆ.' ಒಂದಕ್ಷರವೂ ತಪ್ಪಿರಲಿಲ್ಲ.
"ಸರಿಯಾಗಿದ್ಯಾ?" ಅಂದ. ಮುಖದಲ್ಲಿ ಸಣ್ಣ ಹೆಮ್ಮೆ.
ಸರಿಯಾಗಿದೆ ಎಂದೆ, ತಾರೀಖಿನ ಮುದ್ರೆ ಒತ್ತಿ ಕಾಗದವನ್ನು ಕ್ಲೈವ್ ಅವರ ಟಪಾಲು ಗೂಡಿನಲ್ಲಿಟ್ಟೆ.