ಸ್ನಾನದ ಪುಡಿಯ ಡಬ್ಬಿ

ಮುತ್ತಿನಕೊಪ್ಪ
೧೪ ಮಾರ್ಚ್ ೨೦೨೫

ಚಿ. ಸೌ. ಗಗನಾಗೆ ನಿನ್ನ ಸೋದರತ್ತೆಯ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ತಲೆಯೊಂದು ಬಿಟ್ಟು. ನೀನು ಸ್ನಾನದ ಪುಡಿ ಕೇಳಿ, ಎರಡನೇ ವಿಡಿಯೋಕ್ಕೆ ಕೊಪ್ಪಕ್ಕೆ ಬಾ ಅಂತ ಕರೆದು ತಿಂಗಳ ಮೇಲಾಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕಿತ್ತಳೆ ಸಿಪ್ಪೆ ಒಣಗಿಲ್ಲ ಅಂತ ಹೇಳಿದ್ದು ಬರೀ ನೆಪ. ಈ ಬಿಸಿಲಿಗೆ ಸಿಪ್ಪೆಯೇನು, ನಾನೇ ಒಣಗಿ ಹೋಗಿದ್ದೇನೆ. ಸಿಟ್ಟು ಬಂದಿತ್ತು, ಅದಕ್ಕೇ ಮಾಡಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಪಾರ್ಲರಿನಲ್ಲಿ ಯಾರದೋ ಹುಬ್ಬು ತೀಡುತ್ತಾ ಅರ್ಧಕ್ಕೇ "ಸರಿ ಅತ್ತೆ" ಅಂದುಬಿಡುತ್ತೀಯ. ನಿನ್ನ ಮಾವ ಅಡಿಕೆ ಮಂಡಿಗೆ ಅಂತ ಕೊಪ್ಪಕ್ಕೆ ಹೊರಟಿದ್ದಾರೆ, ಡಬ್ಬಿಯ ಜೊತೆ ಈ ಕಾಗದವನ್ನೂ ಕೊಟ್ಟಿದ್ದೇನೆ. ಗಿರಾಕಿಗಳು ಹೋದಮೇಲೆ ಕೂತು ಓದು.

ಮೊದಲು ಆ ನಿಂಬೆಹಣ್ಣಿನ ವಿಷಯ. ಸಂಕ್ರಾಂತಿ ಕಳೆದ ಮೇಲೆ ನೀನೂ ನಿನ್ನ ನಾದಿನಿ ಅಮೂಲ್ಯಾಳೂ ನನ್ನ ಅಡುಗೆಮನೆಗೆ ಬಂದು ವಿಡಿಯೋ ಮಾಡಿದಿರಲ್ಲ, ಅದರಲ್ಲಿ ನಾನು ಹೇಳಿದ್ದು ಹೆಸರುಕಾಳು, ಕಡಲೆಬೇಳೆ, ಮೆಂತ್ಯ, ಕಸ್ತೂರಿ ಅರಿಶಿನ, ಕಿತ್ತಳೆ ಸಿಪ್ಪೆ. ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು, ಹಾಲಿನ ಕೆನೆಯಲ್ಲಿ ಕಲಸಿ ಹಚ್ಚಿಕೊಳ್ಳಿ ಅಂದೆ. ನಿಂಬೆಹಣ್ಣು ಅಂತ ನನ್ನ ಬಾಯಲ್ಲಿ ಬಂದಿತ್ತಾ? ಕೊನೆಯಲ್ಲಿ ನೀನು ದೊಡ್ಡ ಅಕ್ಷರದಲ್ಲಿ, ನಿಂಬೆರಸ ಹಿಂಡಿ, ವಾರದಲ್ಲಿ ಬೆಳ್ಳಗಾಗಿ ಅಂತ ಹಾಕಿದೆ. ಯಾರನ್ನು ಕೇಳಿ ಹಾಕಿದೆ?

ಪಕ್ಕದ ಮನೆ ವೆಂಕಮ್ಮನ ಮಗಳು ಅರ್ಪಣಾ ಅದನ್ನು ನೋಡಿ ಹಾಗೆಯೇ ನಿಂಬೆರಸ ಹಚ್ಚಿಕೊಂಡು, ಅಂಗಳದಲ್ಲಿ ಮೆಣಸು ಹರವಲು ಬಿಸಿಲಿಗೆ ಇಳಿದಿದ್ದಾಳೆ. ಕೆನ್ನೆ ಕೆಂಪಗೆ ಉರಿದು ಈಗ ಕಪ್ಪು ಕಲೆ ಕೂತಿದೆ. ನರಸಿಂಹರಾಜಪುರದ ಡಾಕ್ಟರು ಮುಲಾಮು ಕೊಟ್ಟು, ಬಿಸಿಲಿಗೆ ಹೋಗಬೇಡ ಎಂದರಂತೆ. ವೆಂಕಮ್ಮ ನಿನ್ನ ಹತ್ತಿರ ಬರಲಿಲ್ಲ, ನನ್ನ ಬಾಗಿಲಿಗೆ ಬಂದು ನಿಂತರು.

"ಮಾತು ನಿಂದೇ ಅಲ್ವಾ ಮಾರಾಯ್ತಿ? ನೀ ಹೇಳಿದ್ದು ಅಂತ್ಲೇ ನಮ್ಮ ಹುಡುಗಿ ಹಚ್ಚಿದ್ದು" ಅಂದರು.

ಈಗ ಅವರು ಮೊಸರಿನ ಹೆಪ್ಪಿಗೂ ಬರುವುದಿಲ್ಲ, ನಮ್ಮ ಮನೆ ಮುಂದೆ ಹೋಗುವಾಗ ತಲೆಯನ್ನೂ ಎತ್ತುವುದಿಲ್ಲ. ಅಷ್ಟು ವರ್ಷದ ನೆರೆ, ಒಂದು ನಿಂಬೆಹಣ್ಣಿಗೆ ಮುರಿದುಬಿತ್ತು.

ನನ್ನ ಕೈಯ ವಿಷಯ ನಿನಗೆ ಗೊತ್ತಿದ್ದದ್ದೇ. ಬೆರಳಲ್ಲಿ ಶುರುವಾದ ಬಿಳಿ ಕಲೆ ಈಗ ಮೊಣಕೈ ಹತ್ತಿರ ಬಂದಿದೆ. ನೋವಿಲ್ಲ, ತುರಿಕೆಯಿಲ್ಲ, ಯಾರಿಗೂ ಅಂಟುವುದಿಲ್ಲ ಅಂತ ಡಾಕ್ಟರು ಹೇಳಿಯಾಗಿದೆ. ಆದರೆ ಮನೆಗೆ ಬಂದವರಿಗೆ ನನಗೊಂದು ಔಷಧ ಹೇಳದೆ ಹೋದರೆ ಕಾಫಿ ಇಳಿಯುವುದಿಲ್ಲ. ಒಬ್ಬರು ಸಾಸಿವೆ ಎಣ್ಣೆಗೆ ಅರಿಶಿನ ಅನ್ನುತ್ತಾರೆ, ಇನ್ನೊಬ್ಬರು ಮೂಲಂಗಿ ಬೀಜ ಅರೆದು ಹಚ್ಚು ಅನ್ನುತ್ತಾರೆ. ಮೆಣಸೆಯಿಂದ ನಿನ್ನ ಅಮ್ಮ ಫೋನು ಮಾಡಿದಾಗಲೆಲ್ಲ ತುಳಸಿ ರಸ. ಎಲ್ಲವನ್ನೂ ಮಾಡಿ ನೋಡಿದವಳೇ ನಾನು. ಇಷ್ಟು ದಿನ ಕೈಗೆ ಹಾಕಿದ್ದನ್ನು ಬಾಣಲೆಗೆ ಹಾಕಿದ್ದರೆ ಎಷ್ಟು ಪಲ್ಯ ಆಗುತ್ತಿತ್ತೋ ಅಂತ ನಿನ್ನ ಮಾವ ನಗುತ್ತಾರೆ. ನನಗೂ ನಗು ಬರುತ್ತಿತ್ತು, ಈಚೆಗೆ ಬರುವುದಿಲ್ಲ.

ಅದಕ್ಕೇ ಹೇಳುತ್ತೇನೆ ಕೇಳು. ಅಡುಗೆಮನೆಯ ಡಬ್ಬಿಗಳಲ್ಲಿ ಕೊಳೆ ತೆಗೆಯುವುದಿದೆ, ಒಡೆದ ಚರ್ಮ ಮೆತ್ತಗೆ ಮಾಡುವುದಿದೆ. ಬಣ್ಣ ಬದಲಿಸುವುದು ಯಾವ ಡಬ್ಬಿಯಲ್ಲೂ ಇಲ್ಲ. ವಿಡಿಯೋದಲ್ಲಿ ಆ ಮಾತು ಹಾಕು. ನಿಂಬೆರಸದ್ದನ್ನು ಇವತ್ತೇ ತೆಗೆ. ಅರ್ಪಣಾಗೆ ನೀನೇ ಫೋನು ಮಾಡಿ, ತಪ್ಪು ನಿನ್ನದು ಅಂತ ಹೇಳು. ಹೇಳಿದರೆ ನಿನ್ನ ಗಂಟೇನೂ ಹೋಗುವುದಿಲ್ಲ.

ಪುಡಿಯ ಅಳತೆ ಕೇಳಿದ್ದೆಯಲ್ಲ. ಹೆಸರುಕಾಳು ಎರಡು ಬೊಗಸೆ, ಕಡಲೆಬೇಳೆ ಒಂದು ಬೊಗಸೆ, ಸಿಪ್ಪೆ ಒಂದು ಹಿಡಿ, ಮೆಂತ್ಯ ಅರ್ಧ ಹಿಡಿ, ಅರಿಶಿನ ಬೆರಳಲ್ಲಿ ಎತ್ತಿದಷ್ಟು. ಇದು ನಮ್ಮ ಅಮ್ಮನ ಲೆಕ್ಕ. ಕಪ್, ಚಮಚದಲ್ಲಿ ಹೇಳು ಅಂದರೆ ನನಗೆ ಬರುವುದಿಲ್ಲ. ಡಬ್ಬಿಗೆ ಒದ್ದೆ ಚಮಚ ಹಾಕಬೇಡ, ಹುಳ ಬೀಳುತ್ತದೆ. ಮೊದಲು ಮೊಣಕೈಯ ಒಳಗೆ ಹಚ್ಚಿ ನೋಡಿ ಆಮೇಲೆ ಗಿರಾಕಿಗಳ ಮುಖಕ್ಕೆ ಹಚ್ಚು.

ವಿಡಿಯೋಕ್ಕೆ ಬರುವುದೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತೇ ಕೆಲಸ ಮಾಡಿ ಸೊಂಟ ಹಾಳುಮಾಡಿಕೊಳ್ಳಬೇಡ. ನಿನ್ನ ಅಂಗಡಿಯ ಬಾಗಿಲು ಸದಾ ತೆರೆದಿರಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ
ಅನ್ನಪೂರ್ಣೇಶ್ವರಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನನ್ನ ಸಿಟ್ಟು ನಿಂಬೆಹಣ್ಣಿನ ಮೇಲಲ್ಲ ಗಗನಾ. ಆ ದಿನ ನೀನು ವಿಡಿಯೋ ಮಾಡುತ್ತೀಯ ಅಂತ ಬೆಳಿಗ್ಗೆಯೇ ಪೆಟ್ಟಿಗೆಯಿಂದ ಅಮ್ಮನ ಹವಳದ ಬಳೆ ತೆಗೆದು ಹಾಕಿಕೊಂಡಿದ್ದೆ. ಕಲಸಲು ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ನೀನು ಫೋನು ಇಳಿಸಿದೆ. "ಅತ್ತೆ, ನೀನು ಹೇಳ್ತಾ ಹೋಗು, ಕಲ್ಸೋದು ಅಮೂಲ್ಯಾ ಮಾಡ್ಲಿ. ಚರ್ಮದ ವಿಡಿಯೋ ಅಲ್ವಾ, ನಿನ್ನ ಕೈ ಕಂಡ್ರೆ ಯಾರು ಹಚ್ಕೋತಾರೆ?" ಅಂದೆ. ಅವಳ ಕೈ ಬೋಳು ಕಾಣುತ್ತದೆ ಅಂತ ಬಳೆಯನ್ನೂ ಕೇಳಿದೆ. ನಾನೇ ಬಿಚ್ಚಿ ಕೊಟ್ಟೆ. ಚಿಕ್ಕವಳಿದ್ದಾಗ ನೀನು ಇದೇ ಕಲೆಗಳನ್ನು ಉಜ್ಜಿ ನೋಡಿ, ಅತ್ತೆ ಅಕ್ಕಿಹಿಟ್ಟು ತೊಳ್ಕೊಂಡೇ ಇಲ್ಲ ಅಂತ ನಗುತ್ತಿದ್ದೆ, ಆಮೇಲೆ ಅದೇ ಕೈಯಿಂದ ತುತ್ತು ತಿನ್ನುತ್ತಿದ್ದೆ. ಈಗ ಬೆಳ್ಳಗಾಗಿ ಅಂತ ಊರಿಗೆಲ್ಲ ಹೇಳುತ್ತೀಯ. ಬೆಳ್ಳಗಾದ ಕೈಯನ್ನು ಮಾತ್ರ ತೋರಿಸಲು ನಿನಗೆ ನಾಚಿಕೆಯಾಯಿತು. ಕಲಸುವುದು ನಾನಾದರೆ ಬರುತ್ತೇನೆ, ಇಲ್ಲವಾದರೆ ಮಾತಿಗೂ ಬೇರೆಯವರನ್ನು ನೋಡಿಕೋ. ಬಳೆ ಇನ್ನೂ ಅಮೂಲ್ಯಾಳ ಹತ್ತಿರವೇ ಇದೆ. ಮಾವ ಸಂಜೆ ಬಸ್ಸಿಗೆ ಹೊರಡುವ ಮುಂಚೆ ಇಸಿದುಕೊಂಡು ಅವರ ಕೈಯಲ್ಲಿ ಕೊಟ್ಟು ಕಳಿಸು.