ನಿಧಾನವಾಗಿ ಬರೆಯುವ ಮೇಷ್ಟ್ರು

ಅಕ್ಕ,

ಸುಖವಾಗಿ ಬಂದು ಕೆಲಸಕ್ಕೆ ಸೇರಿಕೊಂಡೆ. ಈ ವಿಶ್ವವಿದ್ಯಾಲಯದಲ್ಲಿ ಕರೆಂಟು ಉಳಿಸುವುದೇ ನನ್ನ ಕೆಲಸ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಕಂಪ್ಯೂಟರು ತಾನಾಗಿಯೇ ಆಫ್ ಆಗುವಂತೆ ಮಾಡುತ್ತ ಕೋಣೆಯಿಂದ ಕೋಣೆಗೆ ಹೋಗುತ್ತೇನೆ.

ಇಲ್ಲಿ ಲಕ್ವ ಹೊಡೆದ, ವಯಸ್ಸಾದ ಮೇಷ್ಟ್ರೊಬ್ಬರು ಒಂದೇ ಬೆರಳಿನಿಂದ ಪುಸ್ತಕ ಬರೆಯುತ್ತಿದ್ದರು. ಅವರು ಮುಂದಿನ ಮಾತನ್ನು ಹುಡುಕುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ಮತ್ತೆ ಪಾಸ್‌ವರ್ಡ್ ಒತ್ತಿ ಮುಗಿಸುವಷ್ಟರಲ್ಲಿ ಹೊಳೆದಿದ್ದ ಮಾತು ಮರೆತುಹೋಗುತ್ತಿತ್ತು. "ನಾನು ಎದ್ದುಹೋದೆ ಅಂದ್ಕೊಳ್ಳುತ್ತೆ ಕಣಪ್ಪ ಇದು. ನಾನು ಇಲ್ಲೇ ಕೂತಿರ್ತೀನಿ," ಎಂದರು. ಅವರದೊಂದನ್ನು ಬಿಟ್ಟುಬಿಡೋಣವೆಂದು ನಮ್ಮ ಸಾಹೇಬರನ್ನು ಕೇಳಿದೆ. "ಒಬ್ಬರಿಗೆ ಬಿಟ್ರೆ ಎಲ್ರೂ ಬಂದು ನಿಲ್ತಾರೆ," ಎಂದರು. ಅದನ್ನು ಮೇಷ್ಟ್ರಿಗೆ ಹೇಳಲು ಮುಖವಿಲ್ಲದೆ ಆ ಕಡೆ ಹೋಗುವುದನ್ನೇ ಬಿಟ್ಟೆ.

ಇವತ್ತು ಹೋದರೆ ಅವರ ಹೆಂಡತಿ ಮೇಜು ಖಾಲಿ ಮಾಡುತ್ತಿದ್ದರು. "ಪುಸ್ತಕ ಸಾಕು ಅಂದ್ಬಿಟ್ರು. ಇನ್ನು ಬರಲ್ಲ. ಇದನ್ನ ಪೂರ್ತಿ ಆಫ್ ಮಾಡಿಬಿಡಪ್ಪ," ಎಂದರು. ಮಾಡಿದೆ. ಒಂದು ಯಂತ್ರ ಕಡಿಮೆಯಾಯಿತೆಂದು ಸಾಹೇಬರಿಗೆ ಸಂತೋಷವಾಯಿತು.

ಕೆಮ್ಮು ಇಳಿದಿದೆ, ಊಟ ಮಾತ್ರ ಸೇರುತ್ತಿಲ್ಲ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಬೇಡ. ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ